ಎಂಟು ಕಣ್ಣಿನ ಎದುರಾಳಿ

ನನ್ನ ಎದುರಾಳಿಯನ್ನು ಮೊದಲ ದಿನವೇ ವ್ಯಾಪಾರಿಯ ಕಣ್ಣಿನಿಂದ ಅಳೆದು ನೋಡಿದ್ದೆ. ತೂಕ: ತಕ್ಕಡಿಗೆ ಹಾಕಿದರೆ ಮುಳ್ಳು ಅಲ್ಲಾಡದು. ಗಾತ್ರ: ಅಂಗಿಯ ಕಾಲರಿನ ಗುಂಡಿಯಷ್ಟು. (ನನ್ನದು ಗುಂಡಿ, ದಾರ, ಜಿಪ್ಪು, ಲೇಸಿನ ಅಂಗಡಿ. ಸಕಲ ಚರಾಚರ ವಸ್ತುಗಳೂ ನನಗೆ ಗುಂಡಿಯ ಅಳತೆಯಲ್ಲೇ ಕಾಣುತ್ತವೆ.) ಬಣ್ಣ: ಮಾಸಲು ಕಂದು, ಖರ್ಚಾಗದ ಸರಕು. ಕಾಲು ಎಂಟು, ಕಣ್ಣು ಎಂಟು, ಮೈತುಂಬ ಕೂದಲು. ಉದ್ಯೋಗ: ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕೂತು ನೊಣ, ಸೊಳ್ಳೆಗಳ ಮೇಲೆ ನೆಗೆಯುವುದು. ಬಲೆ ಕಟ್ಟುವ ಶ್ರಮವನ್ನೂ ಪಡದ ಜಾತಿಯ ಜೇಡ. ಇಂಥ ಮಾಲನ್ನು ಪುಕ್ಕಟೆ ಕೊಟ್ಟರೂ ನಾನು ಅಂಗಡಿಯೊಳಗೆ ಇಳಿಸಿಕೊಳ್ಳುತ್ತಿರಲಿಲ್ಲ. ನನ್ನ ಹೆಂಡತಿ ಮಾತ್ರ ಅದಕ್ಕಾಗಿ ಬೆಳಕು ಹರಿಯುವ ಮುಂಚೆಯೇ ಏಳುತ್ತಿದ್ದಳು.

ಎಲ್ಲಕ್ಕೂ ಕಾರಣ ಆ ಮ್ಯಾಕ್ರೋ ಲೆನ್ಸ್. ಆಕೆ ಶಾಲೆಯಲ್ಲಿ ವಿಜ್ಞಾನದ ಟೀಚರು. ಮಕ್ಕಳಿಗೆ ಕೀಟಗಳನ್ನು ತೋರಿಸಬೇಕೆಂದು ತರಿಸಿದಳು. ನಾನು ಕೈಯಲ್ಲಿ ಹಿಡಿದು ತೂಗಿ ನೋಡಿದೆ.

“ಇದರಲ್ಲಿ ಬೆಟ್ಟದ ತುದಿ ಕಾಣುತ್ತಾ?”

“ಇದು ದೂರದ್ದನ್ನ ಹತ್ತಿರ ತರೋದಲ್ಲ ರೀ. ನಾವೇ ಹತ್ತಿರ ಹೋಗಬೇಕು. ಬೇರೆ ಲೆನ್ಸ್ ತೀರಾ ಹತ್ತಿರ ಹೋದ್ರೆ ಮಸುಕಾಗುತ್ತೆ, ಇದು ಆಗಲ್ಲ. ಇರುವೆ ಎಷ್ಟಿದೆಯೋ ಅಷ್ಟೇ ಗಾತ್ರದ ಚಿತ್ರ ಕ್ಯಾಮೆರಾ ಒಳಗೆ ಬೀಳುತ್ತೆ.”

“ಇದ್ದದ್ದು ಇದ್ದಷ್ಟೇ ಕಾಣೋಕೆ ಲೆನ್ಸ್ ಯಾಕೆ? ನನ್ನ ಕನ್ನಡಕ ಸಾಕಲ್ಲ.”

“ಆಮೇಲೆ ಅದನ್ನ ಗೋಡೆಯಷ್ಟು ದೊಡ್ಡದು ಮಾಡಿದ್ರೂ ಒಂದು ಕೂದಲು ಕಲಸಿಹೋಗಲ್ಲ.”

“ಸರಿ. ಇಷ್ಟುದ್ದದ್ದು ಯಾಕೆ? ಗಿಡ್ಡದ್ದು ಇರಲಿಲ್ವಾ?”

“ಗಿಡ್ಡದ್ದಾದ್ರೆ ಮೂಗು ತಾಗೋಷ್ಟು ಹತ್ತಿರ ಹೋಗಬೇಕು. ನಮ್ಮ ನೆರಳು ಬಿದ್ದು ಅದು ಓಡಿಹೋಗುತ್ತೆ. ಇದಾದ್ರೆ ಒಂದು ಗೇಣು ದೂರ ನಿಂತು ಮರ್ಯಾದೆಯಾಗಿ ತೆಗೀಬಹುದು.”

ಜೇಡಕ್ಕೆ ಒಂದು ಗೇಣಿನ ಮರ್ಯಾದೆ. ನನ್ನ ಜೊತೆ ಮಾತಾಡುವಾಗ ಆಕೆ ಪಕ್ಕದ ಕೋಣೆಯಿಂದ ಕೂಗುತ್ತಾಳೆ.

ದಿನಾ ಬೆಳಿಗ್ಗೆ ಅದೇ ದೃಶ್ಯ. ಅಷ್ಟು ಹತ್ತಿರದಲ್ಲಿ ಸ್ಪಷ್ಟವಾಗಿ ಕಾಣುವ ಪದರ ಕಾಗದದಷ್ಟು ತೆಳುವಂತೆ. ಕಣ್ಣು ಸ್ಪಷ್ಟವಾದರೆ ಕಾಲು ಮಂಜು. ಅದಕ್ಕೇ ಆಕೆ ಮೊಣಕೈಗಳನ್ನು ಕಿಟಕಿಯ ಕಟ್ಟೆಗೆ ಊರಿ, ಉಸಿರು ಬಿಗಿಹಿಡಿದು, ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ತೂಗುತ್ತಿದ್ದಳು. ಆಗಾಗ ಪಿಸುಮಾತು: “ಎಂಥಾ ಕಣ್ಣೋ ನಿಂದು. ಹಾಗೇ ಇರು ಬಂಗಾರ.”

ನನ್ನೆದುರು ಆಕೆ ಉಸಿರು ಬಿಗಿಹಿಡಿಯುವುದು ನಾನು ಸಂಜೆ ಬಂದು ಬೂಟು ಬಿಚ್ಚಿದಾಗ ಮಾತ್ರ. ಇನ್ನು ಆ ‘ಬಂಗಾರ’ ಎಂಬ ಬಿರುದು ಮದುವೆಯ ಹೊಸದರಲ್ಲಿ ನನಗಿತ್ತು. ಯಾವಾಗ ವಾಪಸಾಯಿತೋ ನೆನಪಿಲ್ಲ.

ನಾನೇನೂ ಹೊಟ್ಟೆಕಿಚ್ಚಿನವನಲ್ಲ. ಎದುರು ಸಾಲಿನ ಗುಂಡಿ ಅಂಗಡಿಯವನು ಎಸಿ ಹಾಕಿಸಿದಾಗಲೂ ಒಂದು ವಾರ ಮಾತ್ರ ನಿದ್ದೆ ಬಿಟ್ಟವನು. ಆದರೆ ತಣ್ಣಗಾದ ಕಾಫಿ ಹಿಡಿದುಕೊಂಡು ಕೂತಿದ್ದ ನನ್ನನ್ನು ಅಮ್ಮ ಒಂದು ದಿನ ನೋಡಿದಳು, ಆಮೇಲೆ ಕಿಟಕಿಯನ್ನು ನೋಡಿದಳು.

“ಹೆಂಗಸಿನ ಪಾಲಿಗೆ ಬಂದ್ರೆ ಸವತಿ ಅಂತಾರೆ. ಗಂಡಸಿನ ಪಾಲಿಗೆ ಬಂದ್ರೆ ಏನಂತಾರೋ?”

“ಜೇಡ ಅಂತಾರೆ, ಅಮ್ಮ.”

ಮಾರನೆಯ ಬೆಳಿಗ್ಗೆ ಹೆಂಡತಿ ಸ್ನಾನಕ್ಕೆ ಹೋದಾಗ ಗುಂಡಿಯ ಖಾಲಿ ಡಬ್ಬಿಯನ್ನು ಮಹಾಶಯನ ಮೇಲೆ ಮುಚ್ಚಿ, ಕೆಳಗೆ ರಟ್ಟು ತೂರಿಸಿ, ಜೇಬಿಗಿಳಿಸಿ ಅಂಗಡಿಗೆ ಒಯ್ದೆ. ಲೇಸಿನ ಕಪಾಟಿನಲ್ಲಿ ಮುಚ್ಚಳ ತೆಗೆದೆ. ಒಂದೇ ನೆಗೆತ, ಮಾಯ. (ಕೊಲೆಯಲ್ಲ, ಗಡೀಪಾರು. ನಾನೂ ಸಂಸಾರಸ್ಥ.)

ಹೆಂಡತಿ ಟಾರ್ಚು ಹಿಡಿದು ಮನೆಯೆಲ್ಲ ಜಾಲಾಡಿದಳು. “ಯಾರಾದ್ರೂ ಕಿಟಕಿ ಗುಡಿಸಿದ್ರಾ? ನೀವೇನಾದ್ರೂ?”

“ಇವನಾ?” ಅಮ್ಮ ನನ್ನ ಪರವಾಗಿ ಸಾಕ್ಷಿ ನುಡಿದಳು. “ಇವನು ಕಿಟಕಿ ಗುಡಿಸಿದ್ದಿದ್ರೆ ಇಷ್ಟು ಹೊತ್ತಿಗೆ ಊರಿಗೆಲ್ಲ ಹೇಳ್ಕೊಂಡು ಬಂದಿರ್ತಿದ್ದ.”

ಹೆಂಡತಿ ಬಾಡಿದ ಮುಖದಿಂದ ಲೆನ್ಸನ್ನು ಚೀಲಕ್ಕೆ ತುಂಬುವುದನ್ನು ನೋಡಿ, ಹೊಸ ಮಾಲು ಹೊರತೆಗೆಯಲು ಇದೇ ಸಮಯ ಅನಿಸಿತು.

“ನನ್ನ ಫೋಟೋನೇ ತೆಗಿ.”

“ಇದರಲ್ಲಿ ನೀವು ಹಿಡಿಸಲ್ಲ ರೀ.”

“ಎಷ್ಟು ಹಿಡಿಸುತ್ತೋ ಅಷ್ಟು ತೆಗಿ.”

ಇಸ್ತ್ರಿ ಅಂಗಿ ತೊಟ್ಟು, ಪೌಡರು ಬಳಿದು, ಕಿಟಕಿಯ ಪಕ್ಕ ಸ್ಟೂಲಿನ ಮೇಲೆ ಕೂತೆ. ಆಕೆ ಒಂದು ಗೇಣು ದೂರಕ್ಕೆ ಬಂದಳು. ಉಸಿರು ಬಿಗಿಹಿಡಿದಳು. ಮುಂದೆ ತೂಗಿದಳು, ಹಿಂದೆ ತೂಗಿದಳು. ಆ ಹೊತ್ತು ನನಗೆ ಸಿಂಹಾಸನವೇ ಸಿಕ್ಕಿದಂತಿತ್ತು. ಇಷ್ಟು ಬೆಲೆಯ ಲೆನ್ಸಿನಲ್ಲಿ ಚೆಲುವೂ ಅಷ್ಟೇ ಹೆಚ್ಚಾಗಿ ಬರಬೇಕೆಂಬುದು ನನ್ನ ವ್ಯಾಪಾರಿ ತರ್ಕ.

ಚಿತ್ರವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು. ಅಮ್ಮ ಬಗ್ಗಿ ನೋಡಿದಳು. “ಪಾಪ, ಯಾರೇ ಇದು, ಕಾಡೆಲ್ಲ ಕಡಿದು ಬರೀ ಬೊಡ್ಡೆ ಉಳಿಸಿರೋದು?”

“ನಿಮ್ಮ ಮಗನ ಗಲ್ಲ, ಅತ್ತೆ.”

“ಮೇಲೆ ಹಿಮ ಬಿದ್ದಿದೆ?”

“ಪೌಡರು.”

ನಾನು ಅವಮಾನದಲ್ಲಿ ಮುಳುಗುತ್ತಿರುವಾಗಲೇ ಹೆಂಡತಿಯ ಕಣ್ಣು ಮಿಂಚಿತು. “ಜೇಡದಲ್ಲೂ ಇಷ್ಟು ಸೊಗಸು ಇರಲಿಲ್ಲ ರೀ.” ಅಂದಿನಿಂದ ನನ್ನ ಬೆಳಗುಗಳೆಲ್ಲ ಆಕೆಯ ವಶವಾದವು. ಒಂದು ದಿನ ಕಿವಿ, ಇನ್ನೊಂದು ದಿನ ಹಿಮ್ಮಡಿಯ ಬಿರುಕು. ಅಲ್ಲಾಡಬೇಡಿ. ಉಸಿರಾಡಬೇಡಿ. ಗಡ್ಡ ಹೆರೆಯಬೇಡಿ, ಬೊಡ್ಡೆಗಳ ಮುಂದಿನ ಬೆಳವಣಿಗೆ ಬೇಕು. ಅಂಗಡಿಯಲ್ಲಿ ಗಿರಾಕಿಗಳು ದನಿ ತಗ್ಗಿಸಿ, “ಮನೇಲಿ ಎಲ್ಲ ಆರಾಮಾ?” ಎಂದು ಕೇಳತೊಡಗಿದರು. ಆದರೂ ಸಹಿಸಿದೆ. ಕಿಟಕಿಯಲ್ಲಿ ಈಗ ನಾನಿದ್ದೆನಲ್ಲ.

ಕೊನೆಗೊಂದು ಬೆಳಿಗ್ಗೆ ಕೆನ್ನೆ ಚುರ್ ಅಂದಿತು. ಕೈ ಎತ್ತಿದೆ.

“ಹೊಡೀಬೇಡಿ,” ಅಂದಳು ಪಿಸುಮಾತಿನಲ್ಲಿ, ಲೆನ್ಸಿನಿಂದ ಕಣ್ಣು ಕೀಳದೆ. “ಹಾಗೇ ಇರು ಬಂಗಾರ. ಇನ್ನೂ ಸ್ವಲ್ಪ ಕುಡಿ.”

ಎಷ್ಟೋ ವರ್ಷದ ಮೇಲೆ ಕೇಳಿದ ಬಿರುದು. ಎತ್ತಿದ ಕೈ ಇಳಿಸಿದೆ. “ಆಗಲಿ ಕಣೇ,” ಅಂದೆ.

“ನಿಮಗಲ್ಲ ರೀ. ಸೊಳ್ಳೆಗೆ. ಹೊಟ್ಟೆ ಈಗ ಕೆಂಪಾಗ್ತಿದೆ, ದಮ್ಮಯ್ಯ ಮಾತಾಡಬೇಡಿ.”

ಅದು ನನ್ನ ರಕ್ತ ಕುಡಿಯುತ್ತಿದ್ದಷ್ಟು ಹೊತ್ತೂ ಯೋಚಿಸಿದೆ. ಆ ಎಂಟು ಕಾಲಿನವನು ಇದ್ದಿದ್ದರೆ ಈ ಸೊಳ್ಳೆ ಕಿಟಕಿ ದಾಟುತ್ತಿರಲಿಲ್ಲ. ನಾನು ಓಡಿಸಿದ್ದು ಎದುರಾಳಿಯನ್ನಲ್ಲ, ಕಾವಲುಗಾರನನ್ನು.

ಅಂದು ಅಂಗಡಿಯ ಬಾಗಿಲು ಅರ್ಧ ಎಳೆದು ಲೇಸಿನ ಸುರುಳಿಗಳನ್ನೆಲ್ಲ ಬಿಚ್ಚಿ ಹುಡುಕಿದೆ. ಸಂಜೆಯ ಹೊತ್ತಿಗೆ ಜಿಪ್ಪಿನ ಕಟ್ಟಿನ ಹಿಂದೆ ಸಿಕ್ಕಿದ: ಅದೇ ಕಂದು, ಅದೇ ಕೂದಲು, ಅದೇ ಕಾಲರ್ ಗುಂಡಿ. ಮನೆಗೆ ತಂದು ಕಿಟಕಿಯಲ್ಲಿ ಬಿಟ್ಟು, “ನೋಡೇ, ನಿನ್ನವನು ತಾನಾಗೇ ವಾಪಸ್ ಬಂದಿದ್ದಾನೆ,” ಎಂದು ಕರೆದೆ.

ಆಕೆ ಓಡಿ ಬಂದು, ಲೆನ್ಸ್ ಹಿಡಿದು, ಉಸಿರು ಬಿಗಿಹಿಡಿದು ನೋಡಿದಳು. “ಇವನು ಅವನಲ್ಲ.”

“ಜೇಡದಲ್ಲಿ ಅವನು ಇವನು ಅಂತ ಬೇರೆ ಇರುತ್ತಾ?”

“ನಮ್ಮವನಿಗೆ ಬಲಗಡೆಯ ಹಿಂಗಾಲು ಅರ್ಧ ಇರಲಿಲ್ಲ. ಅಷ್ಟು ದಿನ ಎದುರಿಗೇ ಕೂತು ದುರುಗುಟ್ಟಿದಿರಲ್ಲ, ಕಾಣಲಿಲ್ವಾ?” ಆಮೇಲೆ ನನ್ನ ತೋಳಿನಿಂದ ಏನನ್ನೋ ಬೆರಳ ತುದಿಯಲ್ಲಿ ಎತ್ತಿ ಹಿಡಿದಳು: ಲೇಸಿನ ಎಳೆ. ಅಂಥದ್ದೇ ಎಳೆ ಜೇಡದ ಕಾಲಿಗೂ ಸುತ್ತಿಕೊಂಡಿತ್ತು. “ತಾನಾಗೇ ಬಂದ, ಅಲ್ವಾ? ಅಂಗಡಿಯಿಂದ?”

ಅಮ್ಮ ಒಳಗಿನಿಂದಲೇ ನಕ್ಕಳು. ಬಟ್ಟೆಗೆ ಒಪ್ಪುವ ಗುಂಡಿಯನ್ನು ಕಣ್ಣಳತೆಯಲ್ಲೇ ಆರಿಸಿಕೊಡುವವನು ಎಂದು ಪೇಟೆಯಲ್ಲಿ ಹೆಸರು ಮಾಡಿದ ನಾನು ತಲೆ ತಗ್ಗಿಸಿದೆ.

ತೀರ್ಪು ಅಲ್ಲೇ ಹೊರಬಿತ್ತು. ನಿಜವಾದವನು ಸಿಗುವವರೆಗೆ ಸ್ಟೂಲು ನನ್ನದು. ಹೊಸಬ ಕಿಟಕಿಯಲ್ಲೇ ಇರಲಿ. ಈಗ ದಿನಾ ಬೆಳಿಗ್ಗೆ ನಾವಿಬ್ಬರೂ ಅಕ್ಕಪಕ್ಕ ಕೂರುತ್ತೇವೆ. ಮೊದಲ ಸರದಿ ಅವನದು. ನಿನ್ನೆ ನನ್ನ ಸರದಿಯಲ್ಲಿ ಆಕೆ, “ಎಡಗಿವಿಯ ಹಿಂದೆ ಒಂದು ಸಣ್ಣ ಮಚ್ಚೆ ಇದೆ ರೀ ನಿಮಗೆ. ಇಷ್ಟು ವರ್ಷ ನಾನೂ ನೋಡೇ ಇರಲಿಲ್ಲ,” ಅಂದಳು. ನನಗೆ ಉಸಿರಾಡಲು ಇನ್ನೂ ಅಪ್ಪಣೆಯಾಗಿರಲಿಲ್ಲ.

ಲೇಸಿನ ಕಪಾಟಿನಲ್ಲೆಲ್ಲೋ ಇರುವ ಆ ಏಳೂವರೆ ಕಾಲಿನ ಜೀವಕ್ಕೆ ನಾನು ಕೊಡಬೇಕಾದದ್ದು ಒಂದು ಕಿಟಕಿ.