ಒಂದೇ ರೋಲು, ಎರಡು ದೀಪ

ಮೊಬೈಲಿನ ವಿಡಿಯೋವನ್ನು ಸಿನಿಮಾ ಫಿಲ್ಮಿಗೆ ಇಳಿಸುವುದು ಯಾವ ಮಹಾ ವಿದ್ಯೆ! ಮನೆಯಲ್ಲೇ ಮಾಡಿ ತೋರಿಸುತ್ತೇನೆ ಎಂದು ಗೆಳೆಯನ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡೆ.

ಗೆಳೆಯ ಮೂವತ್ತು ವರ್ಷ ಚಿತ್ರಮಂದಿರದಲ್ಲಿ ಪ್ರೊಜೆಕ್ಟರ್ ಓಡಿಸಿದವನು. ತೀರಿಹೋಗಿ ಎರಡು ತಿಂಗಳಾಯಿತು. ಅವನು ನಗುತ್ತಿರುವ ಮೂರು ನಿಮಿಷದ ವಿಡಿಯೋ ನನ್ನ ಬಳಿ ಉಳಿದಿತ್ತು.

"ಅಣ್ಣಾ, ಅಂಗೈಯಗಲದಲ್ಲಿ ನೋಡೋಕೆ ಮನಸ್ಸಾಗಲ್ಲ. ಮನೇಲಿರೋ ಅವರದೇ ಪುಟ್ಟ ಪ್ರೊಜೆಕ್ಟರಲ್ಲಿ, ಗೋಡೆ ತುಂಬ ಒಂದ್ಸಲ ನೋಡ್ಬೇಕು," ಎಂದು ಅವಳು ಅವನ ಪುಟ್ಟ ಸಿನಿಮಾ ಕ್ಯಾಮೆರಾವನ್ನೂ ಉಳಿದಿದ್ದ ಒಂದೇ ಒಂದು ಫಿಲ್ಮ್ ರೋಲನ್ನೂ ಕೊಟ್ಟಳು. ಕೆಟ್ಟರೆ ಇನ್ನೊಂದಿಲ್ಲ.

ವಿಧಾನ ಸರಳ. ಟೀವಿಯಲ್ಲಿ ವಿಡಿಯೋ ಹಾಕುವುದು, ಎದುರಿಗೆ ಕ್ಯಾಮೆರಾ ನಿಲ್ಲಿಸಿ ಫಿಲ್ಮಿಗೆ ಹಿಡಿಯುವುದು. 'ಫಿಲ್ಮಿಗೆ ಬೆಳಕೇ ಊಟ ಕಣೋ' ಎನ್ನುತ್ತಿದ್ದ ಗೆಳೆಯ. ನಾನು ಔತಣವನ್ನೇ ಬಡಿಸಿದೆ! ನನ್ನ ಅಕ್ಕಪಕ್ಕ ಎರಡು ದೊಡ್ಡ ದೀಪ ನಿಲ್ಲಿಸಿ ಉರಿಸಿದೆ.

"ಟೀವಿಗ್ಯಾಕ್ರೀ ಲೈಟು? ಸೂರ್ಯಂಗೆ ಯಾರಾದ್ರೂ ಟಾರ್ಚ್ ಬಿಡ್ತಾರಾ?" ಎಂದಳು ಕಸ ಗುಡಿಸುತ್ತಿದ್ದ ನನ್ನ ಹೆಂಡತಿ.

"ಇದು ಸಿನಿಮಾ ತಂತ್ರ. ನಿಂಗೆ ಗೊತ್ತಾಗಲ್ಲ, ಸುಮ್ನಿರು."

"ತಂತ್ರ ಗೊತ್ತಿರೋರು ತೂತು ಬನಿಯನ್ನಲ್ಲಿ ನಿಲ್ತಾರಾ?"

"ದೀಪದ ಸೆಕೆ ಕಣೇ! ಕ್ಯಾಮೆರಾ ಹಿಂದೆ ಇರೋನನ್ನ ಯಾರು ನೋಡ್ತಾರೆ?"

ಆಮೇಲೆ ಬಚ್ಚಲಿನ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ತಡಕಾಡಿ, ಚಿತ್ರ ಮೂಡಲೆಂದು ಬಕೆಟ್ಟಿನ ಔಷಧಿ ನೀರಿನಲ್ಲಿ ಫಿಲ್ಮ್ ತೊಳೆದೆ. ಮನೆಮಂದಿಗೆಲ್ಲ ಆ ದಿನ ಸ್ನಾನವಿಲ್ಲ. ಕಲೆಗಾಗಿ ಇಷ್ಟೂ ತ್ಯಾಗ ಬೇಡವೇ!

ಭಾನುವಾರ ಗೆಳೆಯನ ಮನೆಯಲ್ಲಿ ಪ್ರಥಮ ಪ್ರದರ್ಶನ. ಪ್ರೊಜೆಕ್ಟರ್ ಗರಗರ ಎಂದಿತು. ಗೋಡೆ ತುಂಬ ಮೂಡಿದ್ದು ನಾನು!

ದೀಪಗಳು ಬೆಳಗಿದ್ದು ನನ್ನನ್ನು. ಟೀವಿಯ ಗಾಜು ಕನ್ನಡಿಯಾಗಿ ಕೆಲಸ ಮಾಡಿತ್ತು. ಬನಿಯನ್ನಿನ ತೂತುಗಳು ಒಂದೊಂದೂ ಬಟ್ಟಲಿನಷ್ಟು. ನಾನು ಕಂಕುಳು ಕೆರೆದುಕೊಳ್ಳುವ ದೃಶ್ಯ, ಬೆನ್ನ ಹಿಂದೆ ಪೊರಕೆ ಹಿಡಿದು ಬೈಯುವ ಹೆಂಡತಿಯ ದೃಶ್ಯ. ಗೆಳೆಯನೆಲ್ಲಿ? ನನ್ನ ಹೊಟ್ಟೆಯ ಭಾಗದಲ್ಲಿ, ಮಸುಕು ಮಸುಕಾಗಿ, ಅವನ ನಗುಮುಖ.

"ನಾನು ಬಡ್ಕೊಂಡೆ, ಕೇಳಿದ್ರಾ?" ಎಂದಳು ನನ್ನವಳು, ಪಿಸುದನಿಯಲ್ಲಿ.

ಇದ್ದದ್ದೊಂದೇ ರೋಲು. ಅವನನ್ನು ಎರಡನೇ ಸಲ ಕಳೆದುಕೊಂಡೆ ಅನ್ನಿಸಿತು. ಅವನ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು, ಭುಜಗಳು ಅಲುಗುತ್ತಿದ್ದವು.

"ತಪ್ಪಾಯ್ತಮ್ಮಾ, ಅಳ್ಬೇಡ," ಎಂದೆ.

ಸೆರಗು ಸರಿಯಿತು. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳು ನಗುತ್ತಿದ್ದಳು, ಕಣ್ಣಲ್ಲಿ ನೀರು ಬರುವಷ್ಟು.

"ಅಣ್ಣಾ, ನಿಮ್ಮನ್ನ ನೆನೆಸ್ಕೊಂಡು ಅವರು ಹೊಟ್ಟೆ ಹಿಡ್ಕೊಂಡು ನಗೋದನ್ನ ದಿನಾ ನೋಡಿದ್ದೆ. ನಿಮ್ಮ ಹೊಟ್ಟೆಯೊಳಗೇ ಕೂತು ನಗೋದು ಇದೇ ಮೊದಲು. ಇನ್ನೊಂದ್ಸಲ ಹಾಕಿ!"