ಹೆಂಡತಿಯ ಮಾತಿಗೆ ಸಬ್‌ಟೈಟಲ್

ಬ್ಯಾಂಕಿನವರು ನನ್ನನ್ನು ಧಾರವಾಡದಿಂದ ಎತ್ತಿ ನಾಸಿಕಕ್ಕೆ ಒಗೆದು ಎಷ್ಟೋ ವರ್ಷವಾಗಿತ್ತು. ಮರಾಠಿಯಲ್ಲಿ ನನ್ನನ್ನು ಸೋಲಿಸುವವರಿಲ್ಲ ಎಂದುಕೊಂಡಿದ್ದೆ.

ನನ್ನ ಹೆಂಡತಿ ಶಾರದಾ ಹೆಂಗಸರಿಗೆ ಹೊಲಿಗೆ ಕಲಿಸುತ್ತಾಳೆ. ಪಾಠಗಳನ್ನು ವಿಡಿಯೊ ಮಾಡಿ ಇಂಟರ್ನೆಟ್ಟಿಗೆ ಹಾಕಿ ಎಂದು ಅವಳ ಸಂಸ್ಥೆಯಿಂದ ಹುಕುಂ ಬಂತು. ವಿದ್ಯಾರ್ಥಿನಿಯರಲ್ಲಿ ಮಂಜಿರಿ ಎಂಬವಳಿಗೆ ಕಿವಿ ಕೇಳದು. ಪರೀಕ್ಷೆ ಪಾಸಾದರೆ ಸ್ವಂತ ಅಂಗಡಿ ಇಡುವವಳು. ಅವಳಿಗಾಗಿ ವಿಡಿಯೊದ ಕೆಳಗೆ ಮಾತೆಲ್ಲ ಮರಾಠಿಯಲ್ಲಿ ಬರೆಯಬೇಕು.

"ನಾ ಅದೀನಲ್ಲ!" ಎಂದೆ.

"ಏನೂ ಬಿಡಬ್ಯಾಡ್ರಿ ಮತ್ತ. ನಮಗ ಕೇಳಿಸೂದೆಲ್ಲಾ ಆ ಹುಡುಗಿಗೆ ಕಾಣಬೇಕು," ಎಂದಳು ಶಾರದಾ.

ನಾನು ಪರಮ ಆಜ್ಞಾಧಾರಕ ಪತಿ. ಏನೂ ಬಿಡಲಿಲ್ಲ!

ಮೊದಲ ಪಾಠ ಬ್ಲೌಸಿನ ಅಳತೆಯದು. ಅಳತೆ ಕೊಡಲು ನಿಂತವರು ನೆರೆಮನೆಯ ಜೋಶಿ ಕಾಕೂ, ಕ್ಯಾಮೆರಾ ಹಿಡಿದವನು ನಾನು. ಶಾರದಾ ಪಾಠ ಹೇಳಿದ್ದು ಮರಾಠಿಯಲ್ಲಿ; ನಡುನಡುವೆ ನನ್ನೊಡನೆ ಮಾತಾಡಿದ್ದು ಕನ್ನಡದಲ್ಲಿ. ಪರವೂರಿನಲ್ಲಿ ಕನ್ನಡವೆಂದರೆ ನಮಗೆ ಬೀಗ ಹಾಕಿದ ಕಪಾಟು. ಯಾರೆದುರಿಗೆ ಏನಂದರೂ ನಡೆಯುತ್ತದೆ, ಮುಖದಲ್ಲಿ ನಗು ಇದ್ದರೆ ಸಾಕು. ಆ ಕಪಾಟನ್ನು ನಾನು ಶುದ್ಧ ಮರಾಠಿಯಲ್ಲಿ ತೆರೆದಿಟ್ಟೆ.

ಮರುದಿನವೇ ಕಾಕೂ ಮೊಬೈಲ್ ಹಿಡಿದು ಬಂದರು. "ವಹಿನಿ, ಹೇ ಕಾಯ್ ಆಹೇ?" ಏನಿದು ಎಂದು ಶಾರದಾಳನ್ನು ಕೇಳಿದರು.

ಪರದೆಯ ಮೇಲೆ ಕಾಕೂ ನಗುತ್ತ ನಿಂತಿದ್ದರು. ಕೆಳಗೆ ನನ್ನ ಮರಾಠಿ: 'ಕಾಕೂ ಸೊಂಟದ ಅಳತೆ ಸುಳ್ಳು ಹೇಳುತ್ತಿದ್ದಾರೆ, ಎರಡು ಇಂಚು ಜಾಸ್ತಿ ಹಿಡಿಯೋಣ.' ಅದರ ಹಿಂದೆಯೇ: 'ಅವರ ಮನೆಯ ಚಹಾ ಕುಡಿಯಬೇಡಿ, ಬರೀ ಬಿಸಿನೀರು.'

ಶಾರದಾಳ ಮುಖ ಬಿಳಿಚಿತು. ನನ್ನ ಕಡೆ ತಿರುಗಿ, "ಏನ್ರೀ! ನಿಮಗ ಬುದ್ಧಿ ಅನ್ನೂದು ಐತೋ ಇಲ್ಲೋ?" ಎಂದಳು.

"ಏನೂ ಬಿಡಬ್ಯಾಡ್ರಿ ಅಂದಾಕಿ ನೀನs ಅಲ್ಲೇನು!"

ಸಂಜೆಗೆ ಸಂಸ್ಥೆಯಿಂದ ಫೋನು: ವಿಡಿಯೊ ತೆಗೆದುಹಾಕಿ, ಸಬ್‌ಟೈಟಲ್ ಉಸಾಬರಿಯೇ ಬೇಡ. ನಾನು ನಾಚಿ ನೀರಾದೆ. ನನ್ನ ಪೆದ್ದುತನಕ್ಕೆ ಮಂಜಿರಿಯ ಪಾಠಕ್ಕೇ ಕಲ್ಲು ಬಿತ್ತಲ್ಲ!

ಸುದ್ದಿ ತಿಳಿದ ಮಂಜಿರಿ ಮನೆಗೇ ಓಡಿ ಬಂದಳು. ಕ್ಷಮೆ ಕೇಳಲೆಂದು ಕಾಕೂರನ್ನೂ ಕರೆಸಿದ್ದೆವು. ಅವರು ಚಹಾ ಮುಟ್ಟದೆ ಬಿಗಿದುಕೊಂಡು ಕೂತಿದ್ದರು. ಮಂಜಿರಿ ಮೊಬೈಲಿನಲ್ಲಿ ಬರೆದು ಎಲ್ಲರಿಗೂ ತೋರಿಸಿದಳು: ದಯವಿಟ್ಟು ತೆಗೆದುಹಾಕಬೇಡಿ, ಗಿರಾಕಿಗಳು ಅಳತೆ ಕಡಿಮೆ ಹೇಳುತ್ತಾರೆಂದು ನನಗೆ ಇದುವರೆಗೆ ಯಾರೂ ಕಲಿಸಿರಲಿಲ್ಲ.

ಕಾಕೂ ಅದನ್ನು ಓದಿದರು. ತುಟಿ ಕಚ್ಚಿದರು. ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕರು. ಎರಡು ಬೆರಳು ಎತ್ತಿ 'ಅಲ್ಲ' ಎಂದು ತಲೆಯಾಡಿಸಿ, ಮೂರು ಬೆರಳು ತೋರಿಸಿದರು! ವಿಡಿಯೊ ಉಳಿಯಲಿ ಎಂದು ಸಂಸ್ಥೆಗೆ ತಾವೇ ಫೋನು ಮಾಡಿದರು. ನನಗೆ ಹೋದ ಜೀವ ಬಂತು.

ಅಷ್ಟರಲ್ಲಿ ಮಂಜಿರಿ ವಿಡಿಯೊವನ್ನು ಒಂದು ಕಡೆ ನಿಲ್ಲಿಸಿ ನನ್ನ ಮುಂದೆ ಹಿಡಿದು, ಮತ್ತೆ ಬರೆದು ತೋರಿಸಿದಳು: ಇಲ್ಲಿ ಶಾರದಾಬಾಯಿಯವರ ತುಟಿ ಬಹಳ ಹೊತ್ತು ಆಡುತ್ತಿದೆ, ಕೆಳಗೆ 'ಹೊಲಿಗೆ ಯಂತ್ರದ ಸದ್ದು' ಎಂದಷ್ಟೇ ಇದೆ. ಏನು ಹೇಳಿದರು?

ಎಲ್ಲರೂ ನನ್ನನ್ನೇ ನೋಡಿದರು. ನಾನು ಫ್ಯಾನು ನೋಡಿದೆ.

"ಬರೀರಿ ಈಗ!" ಎಂದಳು ಶಾರದಾ. "'ನನ್ನ ಗಂಡಗ ಕ್ಯಾಮೆರಾ ನೆಟ್ಟಗ ಹಿಡೀಲಿಕ್ಕೆ ಬರೂದಿಲ್ಲ. ಇವರನ್ನ ಬ್ಯಾಂಕಿನಾಗ ಹೆಂಗ ಇಟ್ಕೊಂಡಾರೋ, ದೇವರಿಗೇ ಗೊತ್ತು.'"

ಬರೆದೆ. ಅಕ್ಷರ ಸಣ್ಣದಾಯಿತು ಎಂದರು ಕಾಕೂ. ದೊಡ್ಡದು ಮಾಡಿದೆ.