ಬಿಸಿಎ ಹುಡುಗಿಗೆ ಬಂದ ಗಂಡು

ಏರ್‌ಪೋರ್ಟಿನ ಪಕ್ಕದ ರೇಷ್ಮೆಯೂರು ವಿಜಯಪುರದ ಕಡೆಯ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ನಾನು ಕಂಪ್ಯೂಟರ್ ಪಾಠ ಹೇಳುತ್ತೇನೆ. ಪಾಠ ದಿನವೂ ನಡೆಯುತ್ತದೆ ಎನ್ನಲಾರೆ. ಮುಂದೆ ಹೇಳುವಂಥವು ಮಾತ್ರ ತಪ್ಪದೆ ನಡೆಯುತ್ತಿರುತ್ತವೆ.

ಕಣ್ಣಿಗೆ ಕುಂಕುಮ

ಹೊಸ ಕಂಪ್ಯೂಟರುಗಳು ಬಂದಾಗ ಅಟೆಂಡರ್ ಅವಕ್ಕೆ ಬಟ್ಟೆ ಹೊದಿಸಿ, ಲ್ಯಾಬಿಗೆ ಬೀಗ ಹಾಕಿದರು.

"ಮುಟ್ಟೋದು ಯಾವಾಗಣ್ಣ?" ಎಂದು ಕೇಳಿದ್ದು ಒಬ್ಬಳೇ, ರೇಷ್ಮೆ ನೂಲು ಹುರಿ ಮಾಡುವವರ ಮಗಳು.

"ಆಯುಧಪೂಜೆ ಆಗ್ಲಮ್ಮ."

ಪೂಜೆಯಾಯಿತು. ಅಟೆಂಡರ್ ಮೌಸುಗಳನ್ನೂ ಬಿಡದೆ, ಒಂದೊಂದಾಗಿ ಮಗುಚಿ, ಹೊಟ್ಟೆಯಲ್ಲಿ ಕೆಂಪಗೆ ಉರಿಯುವ ಕಣ್ಣಿಗೆ ಕುಂಕುಮವಿಟ್ಟರು. ಮರುದಿನ ಒಂದೂ ಕೆಲಸ ಮಾಡಲಿಲ್ಲ. ತಾವೇ ಕೆಡಿಸಿದೆವೆಂದು ಹುಡುಗಿಯರು ಕೈಕಟ್ಟಿ ನಿಂತರು. ಇವಳು ಮಾತ್ರ ಮೌಸು ಮಗುಚಿ ನೋಡಿ, ದುಪಟ್ಟಾದ ತುದಿಯಿಂದ ಒರೆಸಿದಳು. ತೆರೆಯ ಮೇಲೆ ಬಾಣ ಓಡಾಡಿತು.

ಅಟೆಂಡರ್ ಪ್ರಿನ್ಸಿಪಾಲರಿಗೆ ವರದಿ ಒಪ್ಪಿಸಿದರು: "ಪೂಜೆ ಫಲ ಕೊಡ್ತು ಸಾರ್."

ಹೊಸ ತಪ್ಪು

ಅವಳ ತಂದೆ ಒಮ್ಮೆ ಲ್ಯಾಬಿಗೆ ಬಂದರು. ಮಗಳು ಬರೆದ ಪ್ರೋಗ್ರಾಮಿನ ಕೆಳಗೆ ಸಾಲುಸಾಲು ಕೆಂಪಕ್ಷರ.

"ಇದೆಲ್ಲ ತಪ್ಪೇನಮ್ಮ?"

"ಹೂಂ ಅಪ್ಪ. ಆದ್ರೆ ನಿನ್ನೆದು ಬೇರೆ ತಪ್ಪು, ಇದು ಹೊಸದು. ಮುಂದೆ ಹೋಗಿದೀನಿ."

ಅವರು ನನ್ನನ್ನು ಪಕ್ಕಕ್ಕೆ ಕರೆದರು. "ಗಂಡೊಂದು ಬಂದಿದೆ ಮೇಷ್ಟ್ರೇ. ಒಪ್ಪಿಗೆ ಆದ್ರೆ ಓದು ಬಿಡಿಸ್ತೀನಿ. ಇನ್ನೊಂದು ವರ್ಷ ಬಿಟ್ರೆ ಇನ್ನೂ ಹೊಸಹೊಸ ತಪ್ಪು ಕಲೀತಾಳೆ."

ಹೆಣ್ಣು ನೋಡುವ ಶಾಸ್ತ್ರ

ಹುಡುಗಿಯ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಲು ನನ್ನನ್ನೂ ಕರೆದಿದ್ದರು. ಹುಡುಗ ಏರ್‌ಪೋರ್ಟಿಗೆ ಕ್ಯಾಬ್ ಓಡಿಸುವವನು. "ನಮ್ಮ ಹುಡುಗ ಕುಡಿಯೋರ ನೆರಳೂ ಸೋಕಿಸಿಕೊಳ್ಳಲ್ಲ" ಎಂದು ಅವನ ತಾಯಿ ಹೇಳುತ್ತಿದ್ದರು. ಕಣ್ಣು ಕಾಣದವರಿಗಾಗಿ ಫೋನಿನಲ್ಲಿ ಎಲ್ಲವನ್ನೂ ಗಟ್ಟಿಯಾಗಿ ಓದುವ ವ್ಯವಸ್ಥೆಯೊಂದಿದೆ. ಹುಡುಗ ಗಾಬರಿಯಲ್ಲಿ ಎಲ್ಲೆಲ್ಲೋ ಒತ್ತಿ ಅದನ್ನು ಚಾಲೂ ಮಾಡಿಬಿಟ್ಟಿದ್ದ.

"ಮಚ್ಚಾ, ಹೆಣ್ಣು ನೋಡಿದ್ದು ಮುಗೀತಾ? ಬಾರ್ ಹತ್ರ ಕಾಯ್ತಿದೀವಿ" ಎಂದು ಗೆಳೆಯರ ಮೆಸೇಜು ಓದಿತು ಫೋನು.

ಹುಡುಗ ಒತ್ತಿದಷ್ಟೂ ಅದು ಮಾತಾಡಿತು. ಹುಡುಗಿ ಕಾಫಿ ತಟ್ಟೆ ಕೆಳಗಿಟ್ಟು, "ಕೊಡಿ, ನಿಲ್ಲಿಸ್ತೀನಿ" ಎಂದು ಫೋನು ಇಸಿದುಕೊಂಡಳು. ಬೆರಳಾಡಿಸಿದಳು. ಫೋನು ಮುಂದಿನದನ್ನು ಓದಿತು: "ನಿನ್ನೆದೇ ಇನ್ನೂ ಇಳಿದಿಲ್ಲ ಗುರು." ಮತ್ತೆ ಆಡಿಸಿದಳು. "ಹುಡುಗಿ ಸುಮಾರಾದ್ರೂ ಒಪ್ಕೋ, ಸೈಟ್ ಕೊಡ್ತಾರಂತೆ." ಲ್ಯಾಬಿನಲ್ಲಿ ಇಂಥದನ್ನು ಕಣ್ಣುಮುಚ್ಚಿ ನಿಲ್ಲಿಸಬಲ್ಲವಳಿಗೆ ಅಂದು ಏಕೋ ತುಂಬ ಹೊತ್ತು ಹಿಡಿಯಿತು.

"ಸಾಕು ಕೊಡ್ರಿ, ನಂಗೆ ಈ ಸಂಬಂಧ ಬೇಡ" ಎಂದ ಹುಡುಗ.

"ನಂಗೆ ಬೇಕು" ಎಂದರು ಅವನ ತಾಯಿ. "ನಮ್ಮನೇಲಿ ಇಂಥೋಳೊಬ್ಬಳು ಇರ್ಲೇಬೇಕು."

ಅವರನ್ನು ಕಳಿಸಿ ಬಂದ ತಂದೆ ತಣ್ಣಗಾದ ಕಾಫಿ ತಟ್ಟೆ ಎತ್ತಿಟ್ಟರು. ಆಮೇಲೆ ಹೇಳಿದರು: "ಓದು ಮುಗಿಸ್ಲಿ ಮೇಷ್ಟ್ರೇ. ಇನ್ಮೇಲೆ ಗಂಡು ಬಂದ್ರೆ ಜಾತಕ ಆಮೇಲೆ ನೋಡೋಣ, ಮೊದಲು ಫೋನು ಇವಳ ಕೈಗೆ ಕೊಡ್ಲಿ."